ಬೂಟಿಗೆ ಕುಂಕುಮ ಇಟ್ಟ ಹಬ್ಬ

ತುಮಕೂರಿನ ಶಿರಾ ಗೇಟಿನ ಹತ್ತಿರ ಚಪ್ಪಲಿ ಹೊಲಿಸಲು ನಿಂತಾಗ, ತೊಗಲಿಗೆ ಸವರಿದ ಹರಳೆಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಗುಬ್ಬಿಯ ನಮ್ಮ ಹಳೇ ಮನೆಯ ಹಜಾರದಲ್ಲಿರುತ್ತೇನೆ. ಆ ಹಜಾರ ಈಗಿಲ್ಲ, ಅಲ್ಲಿ ಅಂಗಡಿಗಳೆದ್ದಿವೆ. ಅಪ್ಪನ ತಂಗಿ ಸರೋಜತ್ತೆ ಅಲ್ಲಿ ಕಂಬಕ್ಕೊರಗಿ ಕೂತು ತನ್ನ ಫುಟ್‌ಬಾಲ್ ಬೂಟಿಗೆ ಎಣ್ಣೆ ತಿಕ್ಕುತ್ತಿದ್ದಳು. ತುಮಕೂರಿನ ಕಾಲೇಜಿಗೆ ಹೋಗುತ್ತ ಆಟ ಕಲಿತವಳು, ಮಿಡ್‌ಫೀಲ್ಡರ್. ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಕೊಡುವ ಕೆಲಸ. ಗೋಲು ಹೊಡೆಯುವುದು ಅಪರೂಪ, ಓಡುವುದು ಮಾತ್ರ ಎಲ್ಲರಿಗಿಂತ ಹೆಚ್ಚು. ಅದು ಎಪ್ಪತ್ತರ ದಶಕ. "ಚಡ್ಡಿ ಹಾಕ್ಕಂಡು ಓಡೋಳ್ನ ಯಾರೇ ಕಟ್ಕಂತಾರೆ?" ಎಂದು ಅಜ್ಜಿ ವರ್ಷಗಟ್ಟಲೆ ಗೊಣಗಿದಳು. ಬೂಟು ಹಜಾರ ದಾಟಿ ಒಳಗೆ ಬರುವಂತಿರಲಿಲ್ಲ.

ಆ ವರ್ಷದ ಆಯುಧಪೂಜೆಗೆ ಅಜ್ಜಿಯ ಮನಸ್ಸಿಗೆ ಏನು ಬಂತೋ, ತಾನೇ ಬೂಟನ್ನು ಒರೆಸಿ ಒಳಗೆ ತಂದು, ಹೊಲಿಗೆ ಮೆಷಿನ್ನು ಮತ್ತು ಈಳಿಗೆಮಣೆಯ ನಡುವೆ ಇಟ್ಟು, ಕುಂಕುಮ ಹಚ್ಚಿ ಸೇವಂತಿಗೆ ಸಿಕ್ಕಿಸಿದಳು. ಅಷ್ಟರಲ್ಲಿ ಅತ್ತೆಯ ಗೆಳತಿಯೊಬ್ಬಳು ತುಮಕೂರಿನಿಂದ ಬಸ್ಸು ಹತ್ತಿ ಓಡಿ ಬಂದಳು. ರಾಜ್ಯ ತಂಡಕ್ಕೆ ನಾಳೆ ನಡೆಯಬೇಕಿದ್ದ ಆಯ್ಕೆ ಇವತ್ತು ಮಧ್ಯಾಹ್ನವೇ ಅಂತೆ. ನಮ್ಮಲ್ಲಿ ಪೂಜೆಗಿಟ್ಟದ್ದನ್ನು ಮರುದಿನ ಕದಲಿಸುವ ತನಕ ಯಾರೂ ಮುಟ್ಟುವಂತಿಲ್ಲ. ಹಬ್ಬದ ತರಕಾರಿಯನ್ನೂ ಹಿಂದಿನ ದಿನವೇ ಹೆಚ್ಚಿಡುತ್ತಿದ್ದರು. ಅತ್ತೆಗಿದ್ದದ್ದು ಒಂದೇ ಜೊತೆ ಬೂಟು. ಈ ಆಯ್ಕೆ ತಪ್ಪಿದರೆ ಆಟ ಅಲ್ಲಿಗೆ ಮುಗಿದಂತೆ. ಕುಣಿಗಲ್ ಕಡೆಯವರು ಹೆಣ್ಣು ನೋಡಲು ಬರುವವರಿದ್ದರು. ಆದರೂ ಅತ್ತೆ ಬಾಯಿ ಬಿಟ್ಟು ಕೇಳಲಿಲ್ಲ. ತಾಯಿ ಮೊದಲ ಸಲ ಮನಸಾರೆ ಇಟ್ಟ ಕುಂಕುಮವನ್ನು ಕೆಡಿಸುವುದು ಅವಳಿಂದ ಆಗುವಂತಿರಲಿಲ್ಲ. ಬಾಗಿಲಿಗೆ ಆತು ನಿಂತಳು. ನನಗಂತೂ ಅಳು ಬಂತು.

ಅಜ್ಜಿ ಒಲೆ ಮುಂದಿನಿಂದ ಎದ್ದು ಬಂದಳು. ಕರ್ಪೂರ ಹಚ್ಚಿ, ಬೂಟಿಗೊಂದಕ್ಕೇ ಮಂಗಳಾರತಿ ಎತ್ತಿ, ಮೆಷಿನ್ನು ಈಳಿಗೆಮಣೆಗಳಿಗೆ "ನಿಮ್ದೆಲ್ಲ ನಾಳೆ" ಎಂದು ಸಮಾಧಾನ ಹೇಳಿದಳು. ಆಮೇಲೆ ಬೂಟನ್ನು ಅತ್ತೆಯ ಕೈಗಿಟ್ಟಳು. "ಪೂಜೆ ಮಾಡಿದ್ದು ನೀನು ಆಡ್ಲಿ ಅಂತ ಕಣೇ, ಇದು ಮೂಲೇಲಿ ಕೂತ್ಕಳ್ಲಿ ಅಂತಲ್ಲ. ಹೂವ ಮಾತ್ರ ಬಸ್ಸಲ್ಲಿ ತುಳೀಬೇಡ, ಹೋಗು."

ಅತ್ತೆ ಆಯ್ಕೆಯಾದಳು. ಆಟದ ಮೇಲೆಯೇ ಬೆಂಗಳೂರಿನಲ್ಲಿ ನೌಕರಿ ಸಿಕ್ಕಿತು, ಎಂಬತ್ತರ ದಶಕ ಪೂರ್ತಿ ಊರೂರು ತಿರುಗಿ ಆಡಿದಳು. ದಸರೆಯೆಂದರೆ ಪಂದ್ಯಗಳ ಕಾಲ, ಹಬ್ಬಕ್ಕೆ ಅವಳು ಮನೆಯಲ್ಲಿದ್ದದ್ದೇ ಇಲ್ಲ. ಅಜ್ಜಿ ಕೊನೆಯವರೆಗೂ ಒಂದು ಪಂದ್ಯವನ್ನೂ ನೋಡಲಿಲ್ಲ. ಪೂಜೆ ಮುಗಿಸಿ, ನಮ್ಮ ಎಲೆಗೆ ಒಬ್ಬಟ್ಟು ಹಾಕುತ್ತ, ಗೋಡೆ ಗಡಿಯಾರದ ಕಡೆ ಕತ್ತೆತ್ತಿ "ಈಗ ಓಡ್ತಾ ಇರ್ತಾಳೆ" ಎನ್ನುತ್ತಿದ್ದಳು. ಮಗಳು ಬಾರದ ಹಬ್ಬವನ್ನು ಅಷ್ಟು ಸಂತೋಷದಿಂದ ಮಾಡಿದ ಇನ್ನೊಬ್ಬ ತಾಯಿಯನ್ನು ನಾನು ನೋಡಿಲ್ಲ.