ಸಡಿಲ ಗುಂಡು, ಬಿಗಿ ನಾದಿನಿ

ಮಡಚಿದ ಏರ್ ರೈಫಲ್ಲಿನ ನಳಿಗೆಯ ಹಿಂಬಾಯಿಗೆ ಇಟ್ಟ ಗುಂಡು, ನಳಿಗೆಯನ್ನು ಎತ್ತಿ ಮುಚ್ಚುವಷ್ಟರಲ್ಲಿ ಹಿಂದಕ್ಕೆ ಜಾರಿ ಸಿಮೆಂಟ್ ನೆಲದ ಮೇಲೆ ಬಿದ್ದು ಟಿಣ್ ಎಂದಿತು. ಅಷ್ಟು ಸಣ್ಣ ಸದ್ದೂ ಯಾರಿಗಾದರೂ ಕೇಳಿಸಿತೇ ಎಂದು ಕಾಜಾ ಅಕ್ಕ ತಲೆ ಎತ್ತಿ ನೋಡಿದಳು.

“ಏನತ್ತಿಗೆ, ಬಿತ್ತನೆ ಶುರು ಮಾಡಿದ್ರಾ?” ಮೇಜಿನ ಆಚೆ ಬದಿಯಿಂದ ನಾದಿನಿ ಕೇಳಿದಳು. “ಮಳೆ ಬಂದ್ರೆ ಗುಂಡಿನ ಗಿಡ ಬರತ್ತೆ ಬಿಡಿ.”

“ನಿನ್ನ ರೈಫಲ್ ನೀನು ನೋಡ್ಕೊ ತಾಯಿ.”

ಅಕ್ಕ ಇನ್ನೊಂದು ಇಟ್ಟು ನೋಡಿದಳು. ಅದು ಬೀಳಲಿಲ್ಲ. ಆದರೆ ಹೆಬ್ಬೆರಳಿಗೆ ಒಂದಿಷ್ಟೂ ತಡೆ ಕೊಡದೆ, ಬಾಗಿಲು ತೆರೆದಿಟ್ಟ ಮನೆಗೆ ಬೆಕ್ಕು ನುಗ್ಗಿದ ಹಾಗೆ ಒಳಗೆ ಹೋಯಿತು. ಅಂಥದ್ದನ್ನು ಹಾರಿಸಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು. ಗಾಳಿ ಗುಂಡಿನ ಪಕ್ಕದಲ್ಲೇ ನುಸುಳಿ ಮುಂದೆ ಓಡುತ್ತದೆ. ಗುಂಡು ತನಗೆ ತೋಚಿದ ಕಡೆ ಹೋಗುತ್ತದೆ.

ಕಾಜಾ ಅಕ್ಕ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಕತ್ತರಿಸುವವರು ಬೇರೆ, ಕಾಲರ್ ಕೂರಿಸುವವರು ಬೇರೆ. ಅಕ್ಕನದು ಕಾಜಾ ತೆಗೆಯುವುದು, ಗುಂಡಿ ಹಚ್ಚುವುದು, ಅಷ್ಟೇ. ವಾರವೆಲ್ಲ ಗುಂಡಿ, ಭಾನುವಾರ ಗುಂಡು. “ನನ್ನ ಹೆಂಡ್ತಿ ರಜಾ ದಿನ ಗುಂಡು ಹಾಕ್ತಾಳೆ” ಎಂದು ಗಂಡ ಹೊಸಬರಿಗೆ ಹೇಳಿ, ಅವರ ಮುಖ ಕೆಡುವುದನ್ನು ನೋಡಿ ಖುಷಿಪಡುತ್ತಾನೆ.

ರೈಫಲ್ಲು ಅವಳಿಗೆ ತವರಿನಿಂದ ಬಂದದ್ದು. ಅಪ್ಪ ಲಾರಿ ಮೆಕ್ಯಾನಿಕ್ಕು. ಮಗಳಿಗೆ ತೊಟ್ಟಿಲ ಬದಲು ಟಯರು, ಗೊಂಬೆಯ ಬದಲು ಏರ್ ರೈಫಲ್ ಕೊಟ್ಟ ಆಸಾಮಿ. ಅದರ ನಳಿಗೆ ಈಗಿನವಕ್ಕಿಂತ ಒಂದು ಕೂದಲೆಳೆಯಷ್ಟು ಅಗಲ. ಅಪ್ಪ ಪೇರಿಸಿಟ್ಟಿದ್ದ ದಪ್ಪ ತಲೆಯ ಗುಂಡುಗಳು ಹೋದ ತಿಂಗಳು ಮುಗಿದುಹೋದವು. ಈಗ ಅಂಗಡಿಗೆ ಬರುವವು ಹೆಚ್ಚಿನವು ಸಣಕಲು. ಈ ಸೀಸದ ಗುಂಡಿಗೂ ಒಂದು ತಲೆ, ಒಂದು ಸೊಂಟ, ಕೆಳಗೆ ಅಗಲವಾದ ಲಂಗ ಇರುತ್ತದೆ. ಅಳತೆ ತಪ್ಪಿದ ಲಂಗ ಉಟ್ಟವಳನ್ನು ಅಕ್ಕ ಬೀದಿಯ ಆ ತುದಿಯಿಂದಲೇ ಗುರುತಿಸಬಲ್ಲಳು. ಆದರೆ ಇವತ್ತು ಗುರುತಿಸಿ ಏನು ಬಂತು?

ಶೂಟಿಂಗ್ ಕ್ಲಬ್ಬಿನ ತಂಡದಲ್ಲಿ ಕೊನೆಯ ಒಂದು ಜಾಗ ಖಾಲಿ ಇತ್ತು. ಅದಕ್ಕೆ ಇಬ್ಬರು: ಅಕ್ಕ, ಮತ್ತು ಅವಳ ಗಂಡನ ತಂಗಿ. ನಾದಿನಿಯದು ಹೊಸ ರೈಫಲ್ಲು, ಹೊಸ ಕಣ್ಣು. ಅಕ್ಕನ ಕಣ್ಣು ಕಾಜಾದ ದಾರದ ಜೊತೆಗೇ ಸವೆದಿತ್ತು. ಮುಂದಿನ ವರ್ಷದ ಹೊತ್ತಿಗೆ ನಳಿಗೆಯ ತುದಿಯ ಗುರಿಕಡ್ಡಿ ಮಂಜಾಗುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇಷ್ಟು ವರ್ಷ ತಂಡದವರ ಚೀಲ ಹೊತ್ತದ್ದಾಯಿತು. ಸ್ವಂತ ಚೀಲ ಹೊರುವುದಾದರೆ ಈ ವರ್ಷವೇ.

ಕ್ಲಬ್ಬಿಗೊಂದು ವಿಚಿತ್ರ ನಿಯಮ. ಹಿಂದೊಮ್ಮೆ ಗುಂಡಿನ ವಿಷಯಕ್ಕೆ ಮಾರಾಮಾರಿಯಾದ ಮೇಲೆ, ಆಯ್ಕೆಯ ದಿನ ಯಾರೂ ಮನೆಯಿಂದ ಗುಂಡು ತರುವ ಹಾಗಿಲ್ಲ. ಕಾರ್ಯದರ್ಶಿಗಳಾದ ಸೀಟಿ ಮಾಸ್ತರು ಒಂದು ಚಿಕ್ಕ ಡಬ್ಬಿ ಒಡೆದು ತಟ್ಟೆಗೆ ಸುರಿಯುತ್ತಾರೆ. ಇಬ್ಬರೂ ಅದರಿಂದಲೇ ತಮ್ಮ ಹತ್ತು ಹತ್ತು ಎತ್ತಿಕೊಳ್ಳಬೇಕು. ಸರಿಸಮಾನ ನ್ಯಾಯ ಎಂದು ಅವರ ನಂಬಿಕೆ. ಒಂದೇ ಸೈಜಿನ ಚಪ್ಪಲಿ ಕೊಟ್ಟು ಎಲ್ಲರನ್ನೂ ಓಡಿಸುವ ನ್ಯಾಯ ಅದು.

ಅಕ್ಕ ಒಂದೊಂದೇ ಗುಂಡಿನ ತಲೆಯನ್ನು ನಳಿಗೆಯ ಬಾಯಿಗಿಟ್ಟು ನೋಡತೊಡಗಿದಳು. ಸಡಿಲ. ಸಡಿಲ. ಇದೂ ಸಡಿಲ. ಬೇಡವಾದವನ್ನು ಒರೆಸುವ ಬಟ್ಟೆಯ ಕೆಳಗೆ ತಳ್ಳಿದಳು. ತನ್ನ ರೈಫಲ್ಲಿಗೆ ಎಷ್ಟು ಗುಂಡು ಆಗಿಬರುವುದಿಲ್ಲ ಎಂಬುದು ನಾದಿನಿಯ ಕಣ್ಣಿಗೆ ಬಿದ್ದರೆ ಮುಗಿಯಿತು. ಮನೆಯಲ್ಲಿ ಹಲ್ಲುಜ್ಜುವಾಗಲೂ ಅದೇ ಮಾತು. ತಲೆ ಎತ್ತಿ ನೋಡಿದರೆ ಅವಳೂ ಒಂದೊಂದೇ ಆರಿಸಿ, ಕೆಲವನ್ನು ಡಬ್ಬಿಯ ಮುಚ್ಚಳಕ್ಕೆ ಎಸೆಯುತ್ತಿದ್ದಳು.

“ಮಾಸ್ತರೇ, ಇವಳು ಒಳ್ಳೊಳ್ಳೇದು ಆರಿಸ್ಕೊಳ್ತಿದಾಳೆ!”

“ಮತ್ತೆ ನೀವೇನು, ಕಣ್ಮುಚ್ಚಿ ಲಾಟರಿ ಎತ್ತುತಿದೀರಾ?” ಎಂದಳು ನಾದಿನಿ.

“ಒಂದೇ ಡಬ್ಬಿ ಅಂತ ನಿಯಮ ಇದೆ. ಆರಿಸಬಾರದು ಅಂತ ಇಲ್ಲ,” ಎಂದರು ಮಾಸ್ತರು, ಸೀಟಿ ಬಾಯಲ್ಲಿಟ್ಟುಕೊಂಡೇ. “ಬೇಗ ಮುಗಿಸ್ರಮ್ಮ. ಊದಿಬಿಡ್ತೀನಿ.”

ಗಂಡ ಇಬ್ಬರಿಗೂ ಸಮ ದೂರದಲ್ಲಿ ಕುರ್ಚಿ ಹಾಕಿಕೊಂಡಿದ್ದ. ಹೆಂಡತಿ ನೋಡಿದಾಗ ಸೂರು ನೋಡಿದ. ತಂಗಿ ನೋಡಿದಾಗ ಚಪ್ಪಲಿ ನೋಡಿದ.

ತಟ್ಟೆಯ ತಳ ಕಂಡಿತು. ಅಕ್ಕನಿಗೆ ಸಿಕ್ಕಿದ್ದು ಆರು. ಇನ್ನೂ ನಾಲ್ಕು ಬೇಕು. ಬೇರೆ ದಾರಿ ಕಾಣದೆ ಮುಚ್ಚಳಕ್ಕೆ ಕೈಹಾಕಿದಳು.

“ಅಯ್ಯೋ, ಅದು ಕಸ ಅತ್ತಿಗೆ. ತಲೆ ದಪ್ಪ. ಒತ್ತಿದ್ರೆ ಲಂಗ ಸೊಟ್ಟ ಆಗತ್ತೆ.”

ಅಕ್ಕ ಆ ಕಸವನ್ನು ನಳಿಗೆಗಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಗುಂಡು ಒಂದು ಕ್ಷಣ ತಡೆಯಿತು, ಆಮೇಲೆ ಒಪ್ಪಿಕೊಂಡ ಹಾಗೆ ಒಳಗೆ ಕುಳಿತಿತು. ನಳಿಗೆಯನ್ನು ಅಲ್ಲಾಡಿಸಿದರೂ ಜಪ್ಪಯ್ಯ ಎನ್ನಲಿಲ್ಲ. ಹೊಸ ನಳಿಗೆಗೆ ದಪ್ಪವಾದದ್ದೇ ಹಳೆಯದಕ್ಕೆ ಅಳತೆ ಕೊಟ್ಟು ಹೊಲಿಸಿದಂತಿದೆ! ಸರಸರನೆ ಇನ್ನಷ್ಟು ಎತ್ತಿಕೊಂಡು ಹತ್ತು ತುಂಬಿಸಿದಳು.

ಆಗ ನಾದಿನಿಯ ಮುಖ ಕಂಡಿತು. ಅವಳಿಗೆ ಇನ್ನೂ ಮೂರು ಬೇಕಿತ್ತು, ತಟ್ಟೆ ಖಾಲಿ. ಮುಚ್ಚಳದ ಒಂದು ದಪ್ಪ ಗುಂಡನ್ನು ಸಿಟ್ಟಿನಿಂದ ಒತ್ತಿದಳು. ಲಂಗ ಮುದುಡಿತು. “ಥೂ” ಎಂದು ಬಿಸಾಡಿ ಇನ್ನೊಂದಕ್ಕೆ ಕೈಹಾಕಿದಳು. ಅದರ ಲಂಗವೂ ಮುದುಡಿತು.

ಅವಳಿಗೆ ಬೇಕಾದ ಸಣಕಲು ಗುಂಡುಗಳು ರಾಶಿ ರಾಶಿಯಾಗಿ ಒರೆಸುವ ಬಟ್ಟೆಯ ಕೆಳಗಿದ್ದವು. ಅಕ್ಕನ ಕೈ ಅದರ ಮೇಲೆಯೇ ಇತ್ತು. ಅವಳು ಏನೂ ಮಾಡಬೇಕಾಗಿರಲಿಲ್ಲ. ಸೀಟಿ ಊದುವ ತನಕ ಸುಮ್ಮನೆ ಕೂತರೆ ಸಾಕು, ಜಾಗ ತನ್ನದು. ಮುಂದಿನ ವರ್ಷ ಎಂಬುದು ನಾದಿನಿಗೆ ಇದೆ, ತನಗಿಲ್ಲ. ಮಾಸ್ತರು ಕೆನ್ನೆ ಉಬ್ಬಿಸಿದರು.

ಆದರೆ ಗೆದ್ದದ್ದು ಅಪ್ಪನ ರೈಫಲ್ಲೋ ಈ ಒರೆಸುವ ಬಟ್ಟೆಯೋ ಎಂದು ತನ್ನನ್ನೇ ಕೇಳಿಕೊಂಡರೆ ಏನು ಹೇಳುವುದು? ಅದೂ ಅಲ್ಲದೆ, ಮನೆಯ ಬಟ್ಟೆ ಒಗೆಯುವ ಸರದಿ ಈ ವಾರ ನಾದಿನಿಯದು; ಸೋತು ಸಿಟ್ಟಾದರೆ ಅತ್ತಿಗೆಯ ಸೀರೆಯನ್ನು ಮುಟ್ಟುವವಳಲ್ಲ.

ಅಕ್ಕ ಬಟ್ಟೆಯನ್ನು ಎಳೆದಳು. “ತಗೋ. ಎಲ್ಲಾ ಸಣಕಲು. ನಿನಗೆ ಆಗತ್ತೆ.”

ನಾದಿನಿ ರಾಶಿಯನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು. “ಇಷ್ಟೊತ್ತೂ ಮುಚ್ಚಿಟ್ಕೊಂಡಿದ್ರಾ?”

“ಹೂಂ, ಮುಚ್ಚಿಟ್ಕೊಂಡಿದ್ದೆ. ಮೂರು ಎತ್ಕೊ, ಆಮೇಲೆ ಬೈ.”

ಮಾಸ್ತರು ಸೀಟಿ ಊದಿದರು.

ಒಬ್ಬರ ನಂತರ ಒಬ್ಬರು. ಹಳೆಯ ರೈಫಲ್ಲು ತಿಂಗಳಿನಿಂದ ಮರೆತಿದ್ದ ಗುಣವನ್ನು ಮತ್ತೆ ತೋರಿಸಿತು. ಗುಂಡುಗಳು ಒಂದರ ಹೆಗಲ ಮೇಲೊಂದು ಕುಳಿತವು. ನಾದಿನಿಯೂ ಬಿಡಲಿಲ್ಲ. ಒಂಬತ್ತು ಗುಂಡು ಮುಗಿದಾಗ ಇಬ್ಬರದೂ ಸಮ. ನಾದಿನಿಯ ಕೊನೆಯದು ನಡುಬಿಂದುವನ್ನೇ ತಿಂದಿತು. ಗಂಡ ಕುರ್ಚಿಯಿಂದ ಎದ್ದು, ಯಾವ ಕಡೆ ನಿಲ್ಲುವುದೆಂದು ತಿಳಿಯದೆ ಮತ್ತೆ ಕುಳಿತ.

ಅಕ್ಕ ರೈಫಲ್ ಎತ್ತಿದಳು. ಗುರಿಕಡ್ಡಿ ಎರಡಾಯಿತು. ಇಳಿಸಿದಳು, ಕಣ್ಣು ಮುಚ್ಚಿ ಉಸಿರು ಬಿಟ್ಟಳು, ಮತ್ತೆ ಎತ್ತಿದಳು. ಕಡ್ಡಿ ಒಂದಾಯಿತು, ಅಂಚು ಮಾತ್ರ ಹತ್ತಿಯ ಹಾಗೆ. ಇನ್ನೂ ಕಾದರೆ ಅದೂ ಹೋಗುತ್ತದೆ. ರೈಫಲ್ಲಿನ ಕುದುರೆ ಎಳೆದಳು, ಗುಂಡು ಹಾರಿತು.

ಮಾಸ್ತರು ಗುರಿಯ ಕಾರ್ಡ್ ತಂದು ಬೆಳಕಿಗೆ ಹಿಡಿದರು. ತೂತು ನಡುಬಿಂದುವಿನ ಪಕ್ಕದ ಉಂಗುರದಲ್ಲಿತ್ತು. ಒಂದೇ ಅಂಕದಿಂದ ಜಾಗ ನಾದಿನಿಗೆ ಹೋಯಿತು. ನಾದಿನಿ ಕುಣಿಯಲಿಲ್ಲ, ಗುಂಡಿನ ತಟ್ಟೆಯನ್ನು ಸುಮ್ಮನೆ ಆಚೀಚೆ ತಿರುಗಿಸಿದಳು.

“ಗುಂಡು ಸಡಿಲ ಇತ್ತಾ ಅತ್ತಿಗೆ?” ಕೊನೆಗೆ ಕೇಳಿದಳು. ಗೇಲಿ ಇರಲಿಲ್ಲ ಅದರಲ್ಲಿ. ನೆಪವೊಂದನ್ನು ಎತ್ತಿ ಕೊಡುತ್ತಿದ್ದಳು.

ಅಕ್ಕ ನಳಿಗೆ ಮಡಚಿ, ಕಣ್ಣು ಕಿರಿದು ಮಾಡಿ ಒಳಗೆ ನೋಡಿದಳು.

“ಇಲ್ಲ ಕಣೆ. ಸರಿಯಾಗೇ ಇತ್ತು. ನಾನು ಹೇಳಿದ ಕಡೆಗೇ ಹೋಯ್ತು. ಹೇಳಿದ್ದು ತಪ್ಪಾಯ್ತು, ಅಷ್ಟೇ.”