ಎ.ಸಿ. ನೀರಿನ ಬಸಳೆ

ದೋಹಾದಿಂದ ಕತಾರಿನ ಇನ್ನೊಂದು ತುದಿಯ ದುಖಾನಿಗೆ ಮನೆ ಬದಲಿಸಿದ ದಿನ ಫ್ರಿಡ್ಜು, ಮಂಚ, ಗ್ರೈಂಡರು ಎಲ್ಲ ಪಿಕಪ್ಪಿನ ಹಿಂದೆ ಹೋದವು. ಬಸಳೆ ಮಾತ್ರ ಕಾರಿನ ಮುಂದಿನ ಸೀಟಿನಲ್ಲಿ ನನ್ನ ಕಾಲುಗಳ ನಡುವೆ ಕೂತು ಬಂತು. ಪೇಂಟಿನ ಹಳೇ ಟಿನ್ನು, ಅದರಲ್ಲಿ ಮೊಣಕಾಲೆತ್ತರಕ್ಕೆ ಕತ್ತರಿಸಿದ ಬಳ್ಳಿ.

“ಹಿಂದೆ ಇಟ್ರೆ ಅದಕ್ಕೆ ಬೇಜಾರಾಗ್ತದಾ?” ಎಂದು ನಮ್ಮ ಯಜಮಾನರು ತಮಾಷೆ ಮಾಡಿದರು. ನಾನು ಮುಖ ಊದಿಸಿಕೊಂಡೆ. ಅದು ಅಮ್ಮ ನೆಟ್ಟ ಬಸಳೆ. ಅಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ನಮ್ಮ ಕಡೆ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುವುದು ಕ್ರಮ. ನನಗೆ ಡಾಕ್ಟರು ವಿಮಾನ ಹತ್ತಬೇಡಿ ಎಂದರು. ಹಾಗಾಗಿ ತವರೇ ವಿಸಿಟ್ ವೀಸಾ ಮಾಡಿಸಿಕೊಂಡು ದೋಹಾದ ಮುಶೈರಿಬ್‌ನ ನಮ್ಮ ಹಳೇ ಕಟ್ಟಡಕ್ಕೆ ಬಂತು. ಅಮ್ಮನ ಬ್ಯಾಗಿನಲ್ಲಿ ಬಾಣಂತಿ ಮದ್ದು, ಕುಚ್ಚಲಕ್ಕಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಡು ಬಸಳೆ ದಂಟು. ಮಂಗಳೂರಿನ ಕಡೆಯ ಮನೆಗಳಲ್ಲಿ ಬಸಳೆ ಬೆಳೆಯುವುದು ಬಚ್ಚಲ ನೀರು ಹೋಗುವಲ್ಲಿ. ಅಮ್ಮ ಬಂದವಳೇ ಬಚ್ಚಲ ನೀರು ಎಲ್ಲಿ ಹೋಗುತ್ತದೆ ಎಂದು ಹುಡುಕಿದಳು. ಪೈಪಿನೊಳಗೆ ಹೋಗುತ್ತದೆ ಎಂದು ತಿಳಿದು ಬೇಸರಪಟ್ಟಳು. ಆಮೇಲೆ ಬಾಲ್ಕನಿಯಲ್ಲಿ ಎ.ಸಿ.ಯ ಪೈಪಿನಿಂದ ನೀರು ಸುರಿಯುವುದು ಕಣ್ಣಿಗೆ ಬಿತ್ತು.

“ಇಷ್ಟು ಒಳ್ಳೆ ನೀರನ್ನು ಸುಮ್ಮನೆ ಬಿಡ್ತೀರಲ್ಲ, ನಿಮಗೆ ಮಂಡೆ ಸಮ ಉಂಟಾ?” ಎಂದು ಬೈದು, ಅದರ ಕೆಳಗೇ ಟಿನ್ನಿಟ್ಟಳು.

ದೋಹಾದ ಸೆಕೆ ನಮ್ಮೂರಿನದೇ ಜಾತಿ, ಮೈಗೆ ಅಂಟುವಂಥದ್ದು. ಆ ಸೆಕೆಗೆ ಎ.ಸಿ. ಹಗಲಿಡೀ ನೀರು ಇಳಿಸುತ್ತಿತ್ತು. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿ, ನನಗೆ ಮದ್ದು ತಿನ್ನಿಸಿ, ವೀಸಾ ಮುಗಿದು ಅಮ್ಮ ಹೊರಡುವ ಹೊತ್ತಿಗೆ ಬಳ್ಳಿ ಗ್ರಿಲ್ಲು ಹಿಡಿದಿತ್ತು. ಅಮ್ಮ ಹೋದದ್ದು ಎದೆನೋವಿನಿಂದ, ಮರುವರ್ಷ. ನಾನು ತಲುಪುವಾಗ ಎಲ್ಲ ಮುಗಿದಿತ್ತು. ಅವಳದು ಬಾಡಿಗೆ ಮನೆ, ಬಿಟ್ಟುಕೊಟ್ಟೆವು. ಮನೆಯ ಮಾಲೀಕ ಅಂಗಳಕ್ಕೆಲ್ಲ ಇಂಟರ್‌ಲಾಕ್ ಇಟ್ಟಿಗೆ ಹಾಸಿದನಂತೆ. ಅಲ್ಲಿದ್ದ ಬಸಳೆಯ ಬುಡ ಅದರ ಅಡಿಗೆ ಹೋಯಿತು. ಹಾಗಾಗಿ ಅಮ್ಮನದು ಅಂತ ಜೀವ ಇದ್ದದ್ದು ನನ್ನ ಟಿನ್ನಿನಲ್ಲಿ ಮಾತ್ರ.

ಪಕ್ಕದ ಫ್ಲಾಟಿನಲ್ಲಿ ಬಂಟ್ವಾಳ ಕಡೆಯ ಬ್ಯಾರಿ ಅಕ್ಕ ಇದ್ದರು. ನನಗಿಂತ ಎಷ್ಟೋ ಮೊದಲೇ ದೋಹಾಕ್ಕೆ ಬಂದವರು. ನನ್ನ ಬಸಳೆ ಅವರ ಮನೆಯಲ್ಲಿ ಒಣ ಸೀಗಡಿಯ ಜೊತೆ ಸೇರಿ ಬಾಲ್ಕನಿಯ ಮೇಲಿಂದಲೇ ನನ್ನ ಮನೆಗೆ ವಾಪಸು ಬರುತ್ತಿತ್ತು. ಗಂಡನ ಕಂಪನಿಯವರು ದುಖಾನಿನಲ್ಲಿ ಕ್ವಾರ್ಟರ್ಸ್ ಕೊಟ್ಟಿದ್ದಾರೆ ಎಂದಾಗ ಅವರಿಗೆ ಸಿಟ್ಟೇ ಬಂತು.

“ದುಖಾನಾ? ಅಲ್ಲಿ ಎಂಥ ಉಂಟು ಮಾರಾಯ್ತಿ, ಕಲ್ಲು ಬಿಟ್ರೆ?”

ಹೊರಡುವ ಮುನ್ನ ಬಳ್ಳಿ ಕತ್ತರಿಸಿ ದಂಟನ್ನೆಲ್ಲ ಸಾರಿಗಾಗಲಿ ಎಂದು ಅವರಿಗೇ ಕೊಟ್ಟೆ.

ಕಲ್ಲು ಇತ್ತು, ನಿಜ. ಮನೆಯ ಹಿಂದೆ ಬೆಟ್ಟ ಅಂತ ಒಂದು. ಒಂದು ಹಸುರೆಲೆ ಇಲ್ಲದ, ಬೂದು ಬಣ್ಣದ ಸಾಲುಗುಡ್ಡ. ಕಡಲು ಹತ್ತಿರವೇ ಇದ್ದರೂ ಆ ಗುಡ್ಡದ ಗಾಳಿಯಲ್ಲಿ ಪಸೆ ಇರಲಿಲ್ಲ. ತುಟಿ ಒಡೆಯಿತು, ಮಗಳಿಗೆ ಮೂಗಿನಲ್ಲಿ ರಕ್ತ ಬಂತು. ಸೀರೆಯ ಒಂದು ತುದಿ ಹಗ್ಗಕ್ಕೆ ಹಾಕಿ ಇನ್ನೊಂದು ತುದಿ ಹುಡುಕುವಷ್ಟರಲ್ಲಿ ಮೊದಲಿನದು ಒಣಗಿರುತ್ತಿತ್ತು. ಎ.ಸಿ. ಪೈಪಿನಿಂದ ಅಲ್ಲಿ ಧಾರೆಯಾಗಿ ಬರುತ್ತಿದ್ದ ನೀರು ಇಲ್ಲಿ ತೊಟ್ಟು ತೊಟ್ಟು. ನಾನು ಕುಡಿಯುವ ನೀರನ್ನೇ ಹಾಕಿ ಬಳ್ಳಿಯನ್ನು ಹೇಗೋ ಉಳಿಸಿಕೊಂಡಿದ್ದೆ.

ಒಂದು ಶುಕ್ರವಾರ ಮಗಳನ್ನು ಕರೆದುಕೊಂಡು ಯಾರದೋ ಮನೆಯ ಹುಟ್ಟುಹಬ್ಬಕ್ಕೆ ಹೋಗಿ ಬಂದರೆ, ಹಿತ್ತಿಲಿನಲ್ಲಿ ಚಪ್ಪರ! ರಜೆಯ ದಿನ ಸೋಫಾ ಬಿಟ್ಟು ಏಳದ ಮನುಷ್ಯ ಯಾರಲ್ಲೋ ಪಿಕ್ಕಾಸು ಕೇಳಿ ತಂದು, ಆ ಕಲ್ಲು ನೆಲ ಅಗೆದು, ವಾಷಿಂಗ್ ಮೆಷಿನ್ನಿನ ನೀರು ಬೀಳುವ ಕಡೆ ಬಸಳೆ ನೆಟ್ಟಿದ್ದರು. ಗುಜರಿ ಪೈಪು ನಿಲ್ಲಿಸಿ ತಂತಿ ಕಟ್ಟಿದ್ದರು. ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು.

“ಪಾಪ, ಎಷ್ಟು ದಿನ ಅಂತ ಟಿನ್ನಿನಲ್ಲಿ ಇರುದು? ನೆಲದಲ್ಲಿ ಬೇರು ಬಿಡ್ಲಿ. ನಿಮ್ಮ ಅಮ್ಮನಲ್ಲಿ ಇದ್ದ ಹಾಗೇ ಮಾಡಿದ್ದೇನೆ, ನೋಡು.”

ತೆಂಗಿನೆಣ್ಣೆ ತಂದು ಅವರ ಅಂಗೈಗೆ ಹಚ್ಚಿದೆ. ನಮ್ಮ ಕರಾವಳಿಯವರು ಯಾರೇ ಆಗಲಿ ಇದನ್ನೇ ಮಾಡುತ್ತಿದ್ದರು. ಗಿಡವನ್ನು ನೆಲಕ್ಕೆ ಇಳಿಸಿದರೆ ಅದು ಬದುಕಿತು ಎಂದೇ ನಾವು ತಿಳಿದದ್ದು. ನೆಲವೇ ಕೊಲ್ಲಬಹುದು ಎಂದು ನಮಗೆ ಯಾರು ಹೇಳಿಕೊಟ್ಟಿದ್ದರು?

ಕೆಲವು ದಿನ ಹೊಸ ಎಲೆ ಬಂತು. ಆಮೇಲೆ ಎಲೆಯ ಅಂಚು ಹಳದಿಯಾಯಿತು. ನಾವು ಇನ್ನಷ್ಟು ನೀರು ಹಾಕಿದೆವು. ಬುಡದ ಸುತ್ತ ರಂಗೋಲಿ ಪುಡಿ ಚೆಲ್ಲಿದ ಹಾಗೆ ಬಿಳಿ ಎದ್ದಿತು. ನಾಲಗೆಗೆ ತಾಗಿಸಿ ನೋಡಿದೆ, ಉಪ್ಪು. ನೀರು ಹಾಕಿದಷ್ಟೂ ನೆಲದೊಳಗಿನ ಉಪ್ಪು ಮೇಲೆ ಬರುತ್ತಿತ್ತು. ಕಿತ್ತು ಮತ್ತೆ ಟಿನ್ನಿಗೆ ಹಾಕುವಾಗ ಬೇರು ಕೊಳೆತು ಕೈಯಲ್ಲೇ ಬಂತು. ಸಾರಿಗೆ ಉಪ್ಪು ಹೆಚ್ಚಾಯಿತು ಎಂದರೂ ಜಗಳಕ್ಕೆ ನಿಲ್ಲುವವಳು ನಾನು. ಅವತ್ತು ಬೈಯದೆ ಟಿನ್ನನ್ನು ಮೂಲೆಯಲ್ಲಿ ಕವುಚಿಟ್ಟೆ, ಅಷ್ಟೇ. ಅವರು ಚಪ್ಪರದ ಪೈಪು ಹಿಡಿದುಕೊಂಡು ನಿಂತೇ ಇದ್ದರು. ಬೈದಿದ್ದರೆ ಅವರಿಗೂ ಹಗುರಾಗುತ್ತಿತ್ತೋ ಏನೋ.

ಅಕ್ಕನ ಹತ್ತಿರ ಒಂದು ದಂಟಾದರೂ ಇದ್ದೀತು ಎಂದು ಫೋನು ಮಾಡಿದರೆ ನಂಬರು ಬಂದ್. ಶುಕ್ರವಾರ ದೋಹಾಕ್ಕೇ ಹೋದೆವು. ನಮ್ಮ ಕಟ್ಟಡದ ಬಾಗಿಲಿಗೆ ಪ್ಲೈವುಡ್ ಹೊಡೆದಿದ್ದರು. ಆ ಸಾಲು ಪೂರ್ತಿ ಕೆಡವಲಿಕ್ಕಿತ್ತು.

“ಖಲಾಸ್. ಸಬ್ ಚಲೇ ಗಯೇ,” ಎಂದ ಕಾವಲಿನವನು. ಒಬ್ಬರೂ ಉಳಿದಿರಲಿಲ್ಲ.

ಕತ್ತು ಎತ್ತಿ ನೋಡಿದೆ. ನನ್ನ ಗ್ರಿಲ್ಲಿನಲ್ಲಿ ಒಣಗಿದ ನಾರು ಒಂದಿಷ್ಟು ನೇತಾಡುತ್ತಿತ್ತು. ವಾಪಸು ಬರುವಾಗ ದಾರಿಯುದ್ದಕ್ಕೂ ಅತ್ತೆ. ಮಗಳು ನನ್ನ ಮುಖ ನೋಡಿ ತಾನೂ ಅತ್ತಳು.

ಕೆಲವು ತಿಂಗಳಾದ ಮೇಲೆ ಊರಿನಿಂದ ಒಂದು ಫೋನು, ಅಕ್ಕನದು.

“ನಿನ್ನ ಅಮ್ಮನ ಬಸಳೆ ನಮ್ಮ ಬಾವಿಕಟ್ಟೆಯಲ್ಲಿ ಉಂಟು ಮಾರಾಯ್ತಿ! ನೀನು ಸಾರಿಗೆ ಅಂತ ಕೊಟ್ಟದ್ದಲ್ವಾ, ಎರಡು ದಂಟು ಚಟ್ಟಿಯಲ್ಲಿ ಊರಿದ್ದೆ. ಕಟ್ಟಡ ಖಾಲಿ ಮಾಡಿಸಿದಾಗ ನಾವು ಊರಿಗೇ ಬಂದುಬಿಟ್ಟೆವು, ಬರುವಾಗ ಬ್ಯಾಗಿನಲ್ಲಿ ತಂದೆ.”

ಆ ಸಲ ಊರಿಗೆ ಹೊರಟದ್ದು ನಾನು, ಮಗಳು ಮಾತ್ರ. ಇವರಿಗೆ ರಜೆ ಸಿಗಲಿಲ್ಲ. ಅಕ್ಕನ ಬಾವಿಕಟ್ಟೆಯಲ್ಲಿ ಬಸಳೆ ಚಪ್ಪರ ಬಗ್ಗಿಸಿ ಬೆಳೆದಿತ್ತು, ಎಲೆ ನನ್ನ ಅಂಗೈಗಿಂತ ದೊಡ್ಡದು. ಅಕ್ಕ ದಂಟು ಕೊಯ್ದು, ಅಮ್ಮ ಸುತ್ತಿದ ಹಾಗೇ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

ಹೊರಡುವ ದಿನ ಗಂಡನ ಮನೆಯಲ್ಲಿ ಬ್ಯಾಗು ತೆರೆದು ಕೂತೆ. ಆ ಬೂದು ಗುಡ್ಡ, ಆ ಗಾಳಿ, ಬುಡದ ಬಿಳಿ ಉಪ್ಪು ಎಲ್ಲ ಕಣ್ಣೆದುರು ಬಂತು. ಅಮ್ಮನನ್ನು ಇನ್ನೊಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ ಸಾಯಿಸುವ ಧೈರ್ಯ ನನಗಿರಲಿಲ್ಲ. ಬಟ್ಟೆ ಬಿಚ್ಚಿದೆ, ದಂಟು ಹೆಚ್ಚಿದೆ, ತೆಂಗಿನಕಾಯಿ ಅರೆದು, ಅಕ್ಕಿಯ ಉಂಡೆ ಪುಂಡಿ ಬೇಯಿಸಿ, ಅದರ ಜೊತೆ ಸಾರು ಮಾಡಿದೆ. ಮಗಳು ಬಟ್ಟಲು ನೆಕ್ಕಿ ಉಂಡಳು. ನಾನು ತಳದಲ್ಲಿ ಉಳಿದದ್ದನ್ನು ಬಡಿಸಿಕೊಂಡೆ.

ದೋಹಾ ಏರ್‌ಪೋರ್ಟಿನಲ್ಲಿ ಇವರ ಕಣ್ಣು ಮೊದಲು ಹೋದದ್ದು ನನ್ನ ಕೈಚೀಲಕ್ಕೆ.

“ಎಲ್ಲಿ?”

“ಸಾರು ಮಾಡಿ ಉಂಡೆವು,” ಅಂದೆ.

ಅವರು ಕೈಚೀಲ ತೆಗೆದುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟರು. ಮನೆಗೆ ಬಂದು ಹಿತ್ತಿಲಿನ ಬಾಗಿಲು ತೆಗೆದೆ. ಎ.ಸಿ. ಪೈಪಿನ ಕೆಳಗೆ ಅಮ್ಮನ ಅದೇ ಪೇಂಟಿನ ಟಿನ್ನು ಇತ್ತು. ಅದರಲ್ಲಿ ನರ್ಸರಿಯಿಂದ ತಂದ ಹೊಸ ಮಣ್ಣು, ಗಾಳಿಗೆ ಒಣಗದ ಹಾಗೆ ಮೇಲೆ ಗೋಣಿ. ಗೋಣಿ ಎತ್ತಿ ಬೆರಳು ಇಟ್ಟು ನೋಡಿದೆ. ಬುಡದ ತನಕ ಒದ್ದೆ. ನಾನು ಊರಿನಲ್ಲಿದ್ದ ಅಷ್ಟು ದಿನವೂ ಅವರು ಬರೀ ಮಣ್ಣಿಗೆ ನೀರು ಹಾಕಿದ್ದರು.