ನಮ್ಮ ಗದ್ದೆಯ ತೆನೆ, ಅವರ ಅಪ್ಪಣೆ

ಬಿಷಪ್ಪರಿಗೂ ಸನ್ಯಾಸಿಗಳಿಗೂ ಜಗಳವಾದರೆ ಪೆಟ್ಟು ಬೀಳುವುದು ಯಾರಿಗೆ ಎಂದು ಕೇಳಿದರೆ, ನಮ್ಮಜ್ಜಿಗೆ ಎಂದು ಹೇಳುತ್ತೇನೆ. ಈ ವಿಷಯ ಎತ್ತಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬರಲಿ.

ಕೂಳೂರಿನ ಹೊಳೆಗೆ ಆಗ ಸೇತುವೆ ಇರಲಿಲ್ಲ. ನಮ್ಮ ಇಗರ್ಜಿ, ಎಂದರೆ ಚರ್ಚು, ಆಚೆ ದಡದಲ್ಲಿ, ಮನೆ ಈಚೆ ದಡದಲ್ಲಿ. ಮಳೆಗಾಲದಲ್ಲಿ ದೋಣಿ ಹತ್ತಿ ಇಳಿಯುವುದು ನಮ್ಮಂಥ ಗಟ್ಟಿ ಕಾಲಿನವರಿಗೇ ಕಷ್ಟ. ಅಜ್ಜಿಯ ಎರಡೂ ಮಂಡಿ ಕೆಟ್ಟಿದ್ದವು. ಒಮ್ಮೆ ಅವಳನ್ನು ಎತ್ತಿ ಇಳಿಸಲು ಹೋಗಿ ಹಬ್ಬದ ಸೀರೆಯ ಸಮೇತ ಕೆಸರಿಗೆ ಕೆಡವಿದ್ದೆವು. ಆಮೇಲೆ ಅವಳು ದೋಣಿಯ ಹೆಸರು ಎತ್ತಲಿಲ್ಲ.

ನಮ್ಮ ಗದ್ದೆಯ ಬದುವಿನ ಕೊನೆಗೆ ಫ್ರಾನ್ಸಿಸ್ಕನ್ ಸನ್ಯಾಸಿಗಳ ಪುಟ್ಟ ಪ್ರಾರ್ಥನಾಲಯವಿತ್ತು. ಕಂದು ನಿಲುವಂಗಿ, ಸೊಂಟಕ್ಕೆ ಹಗ್ಗ, ಬರಿಗಾಲು. ಊರಿನವರು ಅವರನ್ನು ಹಗ್ಗದ ಪಾದ್ರಿಗಳು ಎನ್ನುತ್ತಿದ್ದರು. ಭಾನುವಾರ ಅಜ್ಜಿ ಕೋಲೂರಿಕೊಂಡು ಅಲ್ಲಿಗೆ ಹೋಗಿ, ಪೂಜೆಯಲ್ಲಿ ಕೂತು, ಪರಮಪ್ರಸಾದ ತೆಗೆದುಕೊಂಡು ಬಂದು ಗಂಜಿ ಕುಡಿಯುತ್ತಿದ್ದಳು. ಉಳಿದ ದಿನಗಳನ್ನೆಲ್ಲ ಅವಳು ಆ ಒಂದು ಬೆಳಗ್ಗೆಗಾಗಿ ನೂಕುತ್ತಿದ್ದಳು.

ಆ ಪ್ರಾರ್ಥನಾಲಯ ತಮ್ಮ ಕೈಕೆಳಗೆ ಬರಬೇಕೆಂದು ಬಿಷಪ್ಪರು ಹಟ ಹಿಡಿದರು. ನಮ್ಮ ಮೇಲಿನವರು ರೋಮಿನಲ್ಲಿದ್ದಾರೆ ಎಂದು ಸನ್ಯಾಸಿಗಳು ಉತ್ತರ ಕೊಟ್ಟರು. ಅವರು ಲ್ಯಾಟಿನಿನಲ್ಲಿ ಜಗಳವಾಡಿದರು, ನಮಗೆ ಕೊಂಕಣಿಯಲ್ಲಿ ಶಿಕ್ಷೆಯಾಯಿತು. ಮೊಂತಿ ಹಬ್ಬಕ್ಕೆ ಸ್ವಲ್ಪ ದಿನ ಇರುವಾಗ ವಿಗಾರರು, ಎಂದರೆ ನಮ್ಮ ಇಗರ್ಜಿಯ ಮುಖ್ಯ ಪಾದ್ರಿಗಳು, ಪೀಠದ ಮೇಲಿಂದ ಅಪ್ಪಣೆ ಸಾರಿದರು. ಹಗ್ಗದ ಪಾದ್ರಿಗಳು ಬಾಗಿಲು ತೆರೆದು ಜನ ಸೇರಿಸಬಾರದು. ಯಾರಿಗೂ ಯಾವುದಕ್ಕೂ ಆಶೀರ್ವಾದ ಕೊಡಬಾರದು. ಅಲ್ಲಿಗೆ ಹೋಗುವ ಮನೆಗಳಿಗೆ ಈ ಸಲ ತೆನೆ ಇಲ್ಲ.

ಮೊಂತಿ ಹಬ್ಬ ಮಾತೆ ಮರಿಯಳ ಹುಟ್ಟುಹಬ್ಬ, ನಮಗೆ ಅದೇ ಹೊಸ ಅಕ್ಕಿಯ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೊಂದರಂತೆ ಕೊಡುತ್ತಾರೆ. ಅದರ ಕಾಳು ಸುಲಿದು, ಅರೆದು, ತೆಂಗಿನ ಹಾಲಿನಲ್ಲಿ ಬೆರೆಸಿ, ಮನೆಯ ಹಿರಿಯರು ಎಲ್ಲರ ಅಂಗೈಗೆ ಹಾಕುತ್ತಾರೆ. ಅದಾಗದೆ ಮನೆಯಲ್ಲಿ ಹೊಸ ಅಕ್ಕಿ ಬೇಯುವಂತಿಲ್ಲ. ತೆನೆ ಸಿಗದ ಮನೆ ಎಂದರೆ ಇಗರ್ಜಿಯ ಲೆಕ್ಕಕ್ಕಿಲ್ಲದ ಮನೆ. ಅದಕ್ಕಿಂತ ದೊಡ್ಡ ಅವಮಾನ ನಮ್ಮವರಿಗೆ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಅಜ್ಜಿಯನ್ನು ಪ್ರಾರ್ಥನಾಲಯಕ್ಕೆ ಕರೆದುಕೊಂಡು ಹೋದೆ. ಬಾಗಿಲು ಮುಚ್ಚಿತ್ತು. ನೂಕಿದೆ, ತೆರೆಯಿತು. ಒಳಗೆ ಮುದಿ ಸನ್ಯಾಸಿ ಒಬ್ಬರೇ ಪೂಜೆ ನಡೆಸುತ್ತಿದ್ದರು. ಮುಗಿದ ಮೇಲೆ ತಮ್ಮ ಮುರುಕು ಕೊಂಕಣಿಯಲ್ಲಿ ಹೇಳಿದರು, "ಬಾಗಿಲು ಮುಚ್ಚಲು ಹೇಳಿದ್ದಾರೆ, ಮುಚ್ಚಿದ್ದೇನೆ. ಅಗಳಿಯ ಮಾತು ಯಾರೂ ಎತ್ತಲಿಲ್ಲ."

ಅವರು ಬೋಸ್ನಿಯಾ ಎಂಬ ದೇಶದವರು. ಅವರ ಅಜ್ಜನ ಕಾಲದಲ್ಲಿ ಅಲ್ಲಿ ತುರ್ಕಿ ಸುಲ್ತಾನನ ಆಳ್ವಿಕೆಯಂತೆ. ಆಗಲೂ ಇದೇ ಜಗಳ. ಅಲ್ಲಿನ ಬಿಷಪ್ಪರು ಸನ್ಯಾಸಿಗಳ ಮೇಲೆ ದೂರು ಹೊತ್ತು ಸುಲ್ತಾನನ ಅಧಿಕಾರಿ ಪಾಶಾನ ಬಾಗಿಲಿಗೆ ಹೋದರಂತೆ, ಸನ್ಯಾಸಿಗಳೂ ಹಿಂದೆಯೇ ಹೋದರಂತೆ. ಪಾಶಾ ಇಬ್ಬರಿಗೂ ಕಾಫಿ ಕುಡಿಸಿ, ಇಬ್ಬರ ಕಾಣಿಕೆಯನ್ನೂ ಇಟ್ಟುಕೊಂಡು, ನಾಳೆ ಬನ್ನಿ ಎಂದನಂತೆ.

"ಮತ್ತೆ ಜನ ಎಂತ ಮಾಡಿದ್ರು?" ಎಂದು ಅಜ್ಜಿ ಕೇಳಿದಳು.

"ಬಿಷಪ್ಪರ ಪಾದ್ರಿ ಬಂದಾಗ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ನಮ್ಮ ಸನ್ಯಾಸಿಗಳು ಹೋದಾಗ ರೊಟ್ಟಿ ಬಿಸಿ ಇರುತ್ತಿತ್ತು."

ಅಜ್ಜಿ ದಾರಿಯುದ್ದಕ್ಕೂ ನಗುತ್ತಾ ಬಂದಳು.

ಈಗ ನಮ್ಮ ವಿಗಾರರು ಮಾಡಿದ ಎಡವಟ್ಟನ್ನು ಹೇಳಬೇಕು. ಹೊಳೆಯ ಬದಿಯಲ್ಲಿ ಎಲ್ಲರಿಗಿಂತ ಮೊದಲು ಕದಿರು ಬಲಿಯುವುದು ನಮ್ಮ ಗದ್ದೆಯಲ್ಲಿ. ಹಾಗಾಗಿ ಇಗರ್ಜಿಗೆ ಹಬ್ಬದ ತೆನೆ ಹೋಗುವುದು ನಮ್ಮ ಮನೆಯಿಂದ, ಅಜ್ಜನ ಕಾಲದಿಂದಲೂ. ಅಪ್ಪಣೆ ಸಾರುವ ಭರದಲ್ಲಿ ಅವರಿಗೆ ಅದು ನೆನಪೇ ಆಗಿರಲಿಲ್ಲ. ಒಂದು ಕಡ್ಡಿಯನ್ನೂ ಕೊಡಬಾರದೆಂದು ನಾನು ಹಾರಾಡಿದೆ. ಅಪ್ಪ ತೀರಿಹೋಗಿದ್ದರಿಂದ ಗದ್ದೆ ಮನೆ ಎರಡಕ್ಕೂ ಅಮ್ಮನದೇ ಯಜಮಾನಿಕೆ. ಅವಳು ಕತ್ತಿ ನನ್ನ ಕೈಗೆ ಕೊಟ್ಟು, "ಮಾತೆಗೆ ಕೊಡುವುದು ಅದು. ವಿಗಾರರ ಮುಖ ನೋಡಿ ಕೊಡುವುದಾ? ಕೊಯ್ಯಿ," ಎಂದಳು. ಕೊಯ್ದೆ, ಬೈಯುತ್ತಲೇ ಕೊಯ್ದೆ. ಹೊರೆ ದೋಣಿಯಲ್ಲಿ ಆಚೆ ಹೋಯಿತು.

ಹಬ್ಬದ ಬೆಳಗ್ಗೆ ಮಕ್ಕಳು ಮಾತೆಗೆ ಹೂ ಎರಚಿದರು, ಹಾಡಾಯಿತು, ಪೂಜೆಯಾಯಿತು. ಜನ ಸಾಲಾಗಿ ಹೋಗಿ ತೆನೆ ತೆಗೆದುಕೊಂಡರು. ಅಮ್ಮನ ಸರದಿ ಬಂದಾಗ ವಿಗಾರರ ಕೈ ನಿಂತಿತು.

"ಬಾಯಮ್ಮ, ಇನ್ನು ಅಲ್ಲಿಗೆ ಹೋಗುವುದಿಲ್ಲ ಎಂದು ಒಂದು ಮಾತು ಹೇಳಿ. ಕೊಡ್ತೇನೆ."

"ನಾನು ಹೋಗುವುದಿಲ್ಲ ಪಾದ್ರ್ಯಾಬ್. ನನ್ನ ಕಾಲು ಗಟ್ಟಿ ಉಂಟು, ಇಲ್ಲಿಗೇ ಬರ್ತೇನೆ. ಅತ್ತೆ ಹೋಗ್ತಾರೆ."

"ಅವರೂ ಹೋಗಬಾರದು. ಬಿಷಪ್ಪರ ಅಪ್ಪಣೆ."

"ಹಾಗಾದರೆ ಬಿಷಪ್ಪರೇ ಬಂದು ಅವರನ್ನು ದೋಣಿಗೆ ಎತ್ತಲಿ. ಒಂದು ಕಡೆ ನಾನು ಹಿಡಿಯುತ್ತೇನೆ."

ಹಿಂದೆ ಯಾರೋ ನಗು ತಡೆದು ಕೆಮ್ಮಿದರು. ವಿಗಾರರು ಕೆಂಪಗಾದರು. ಕೆಟ್ಟ ಮನುಷ್ಯರೇನಲ್ಲ, ಮೇಲಿನವರ ಭಯ. ಆದರೂ ನನಗೆ ಅವರ ಮೇಲೆ ಕನಿಕರ ಬರಲಿಲ್ಲ. ಅಮ್ಮ ಬುಟ್ಟಿಯಲ್ಲಿದ್ದ ತೆನೆಗಳ ಕಡೆ ಒಮ್ಮೆ ನೋಡಿದಳು. ನಮ್ಮ ಗದ್ದೆಯವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಅದನ್ನು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಮೊಣಕಾಲೂರಿ ಎದ್ದು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಬರಿಗೈಯಲ್ಲಿ ನಡುಬಾಗಿಲಿನಿಂದ ಹೊರಗೆ ಬಂದಳು. ನಾನು ಹಿಂದೆ.

ಅಮ್ಮ ದೋಣಿಯಿಂದ ಇಳಿದವಳೇ ಮನೆಗೂ ಹೋಗದೆ ಗದ್ದೆಗೆ ಇಳಿದಳು. ಉಳಿದಿದ್ದ ಪೈರಿನಿಂದ ಒಂದು ಹಿಡಿ ಕದಿರು ಕಿತ್ತು, ನೇರ ಪ್ರಾರ್ಥನಾಲಯಕ್ಕೆ ಹೋಗಿ ಮುದಿ ಸನ್ಯಾಸಿಯ ಮುಂದೆ ಹಿಡಿದಳು. ಅವರು ಎರಡೂ ಕೈಗಳನ್ನು ನಿಲುವಂಗಿಯ ತೋಳಿನೊಳಗೆ ಸೇರಿಸಿಕೊಂಡರು.

"ಆಶೀರ್ವಾದ ಕೊಡಬಾರದೆಂದು ಹೇಳಿದ್ದಾರೆ ತಾಯಿ. ಇದು ಅಗಳಿಯ ಹಾಗಲ್ಲ, ಬಾಯಿ ಬಿಟ್ಟು ಹೇಳಿದ್ದಾರೆ. ರೋಮಿನಿಂದ ಉತ್ತರ ಬರುವವರೆಗೆ ಬಿಷಪ್ಪರ ಮಾತು ಮೀರಬೇಡಿ ಎಂದು ನಮ್ಮ ಮೇಲಿನವರೂ ಬರೆದಿದ್ದಾರೆ, ನಾನು ವಿಧೇಯತೆಯ ವ್ರತ ತೊಟ್ಟವನು."

ಅವರ ಮೇಲೂ ನನಗೆ ಸಿಟ್ಟು ಬಂತು. ಅಮ್ಮ ಮಾತ್ರ ತಲೆಯಾಡಿಸಿ, "ಆಗಲಿ. ಊಟಕ್ಕೆ ಬನ್ನಿ. ಊಟ ಮಾಡಬಾರದು ಎಂದು ಹೇಳಿಲ್ಲವಲ್ಲ?" ಎಂದಳು.

ಅವರು ಬಂದರು. ಬಾಳೆಲೆ ಹಾಸಿತ್ತು, ಹೀರೆಕಾಯಿ, ಬೆಂಡೆ, ಕೆಸುವಿನ ದಂಟು ಎಲ್ಲ ಬಡಿಸಿಯಾಗಿತ್ತು. ಮಾತೆಯ ಪಟದ ಮುಂದೆ ಕದಿರು ಇಟ್ಟು ಅಮ್ಮ ಅಜ್ಜಿಯ ಕಡೆ ತಿರುಗಿದಳು, ನಾವೂ ತಿರುಗಿದೆವು. ಆಶೀರ್ವದಿಸುವವರು ಯಾರು? ಅಜ್ಜಿ ಗೋಡೆ ಹಿಡಿದು ಎದ್ದಳು.

"ಎಂತ ಎಲ್ಲರೂ ನನ್ನ ಮುಖ ನೋಡುವುದು? ಇದನ್ನು ನೆಟ್ಟದ್ದು ನಾವು. ಮಳೆ ಕೊಟ್ಟದ್ದು ದೇವರು. ನಡುವೆ ಯಾರ ಅಪ್ಪಣೆ ಬೇಕು?"

ಕದಿರಿನ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಿದಳು. ನಾನು ಕಾಳು ಸುಲಿದು ಅರೆದೆ. ತೆಂಗಿನ ಹಾಲಿನಲ್ಲಿ ಬೆರೆಸಿ ಅವಳ ಕೈಗೆ ಕೊಟ್ಟೆ. ಅಮ್ಮನಿಗೆ ಕೊಟ್ಟಳು, ನನಗೆ ಕೊಟ್ಟಳು, ಆಮೇಲೆ ಬಟ್ಟಲು ಹಿಡಿದು ಸನ್ಯಾಸಿಯ ಎದುರು ನಿಂತಳು. ಅವರು ಇದನ್ನು ಮುಟ್ಟಲಾರರು ಎಂದೇ ನಾನು ಅಂದುಕೊಂಡಿದ್ದೆ. ಪಾದ್ರಿಯ ಕೈ ಸೋಕದ ತೆನೆ, ಹೆಂಗಸಿನ ಬೆರಳಿನ ಶಿಲುಬೆ. ಬಿಷಪ್ಪರ ಕಿವಿಗೆ ಬಿದ್ದರೆ ಅವರನ್ನು ಆ ಊರಿನಲ್ಲಿ ಇರಗೊಡುತ್ತಿರಲಿಲ್ಲ.

ಅವರು ನೆಲದ ಮೇಲೆ ಮೊಣಕಾಲೂರಿದರು. ತೋಳಿನೊಳಗಿದ್ದ ಕೈಗಳನ್ನು ಹೊರತೆಗೆದು, ಒಂದರ ಮೇಲೊಂದು ಇಟ್ಟು, ಅಜ್ಜಿಯ ಮುಂದೆ ಚಾಚಿದರು.